ಮಂಚಯ್ಯನ ಮೂರಾಳು

ನನ್ನ ಗೆಳೆಯ ಮಂಚಯ್ಯ ಮಾತು ಕಡಿಮೆಯ ಮನುಷ್ಯ. ಎಷ್ಟು ಕಡಿಮೆ ಎಂದರೆ, ಅವನ ಮದುವೆಯ ದಿನ ಹುಡುಗನಿಗೆ ಮಾತು ಬರುತ್ತೋ ಇಲ್ಲವೋ ಎಂದು ಹೆಣ್ಣಿನ ಕಡೆಯವರು ಅನುಮಾನಪಟ್ಟಾಗ, ಅವನ ಬೆನ್ನ ಹಿಂದೆ ಕೂತು ಅವನ ಬದಲು ನಾನೇ ಎರಡು ಮಾತಾಡಿದೆ ಎಂದು ಮೊಮ್ಮಕ್ಕಳಿಗೆ ಹೇಳುತ್ತಿರುತ್ತೇನೆ. ಅದು ಸುಳ್ಳು. ಆದರೆ ಅವನ ಹೆಂಡತಿ ಚಾಮುಂಡಮ್ಮ ಇವತ್ತಿನವರೆಗೂ ಅದನ್ನು ಅಲ್ಲಗಳೆದಿಲ್ಲ. "ಅದ್ಕೇ ಅವತ್ತು ಗಂಡಿನ ದನಿ ಕತ್ತೆ ಅರಚ್ದಂಗಿತ್ತು" ಎಂದಷ್ಟೇ ಹೇಳುತ್ತಾಳೆ.

ನಮ್ಮೂರು ಇರುವುದು ಸಾಲಿಗ್ರಾಮದ ಹತ್ತಿರ, ಕಾವೇರಿಯ ದಡದಲ್ಲಿ. ಸೇತುವೆ ಆಗುವ ತನಕ ಆಚೆ ದಡಕ್ಕೆ ಹೋಗಬೇಕೆಂದರೆ ಮಂಚಯ್ಯನ ಹರಿಗೋಲೇ ದಾರಿ. ಬಿದಿರಿನ ದಬ್ಬೆ ಹೆಣೆದು, ಹೊರಗೆ ಗೋಣಿತಾಟು ಹೊದಿಸಿ, ಡಾಂಬರು ಬಳಿದ ದುಂಡನೆಯ ದೋಣಿ ಅದು. ದೂರದಿಂದ ನೋಡಿದರೆ ಯಾರೋ ರಾಕ್ಷಸರ ಮನೆಯ ಮಂಕರಿ ತೇಲಿಬರುತ್ತಿದೆ ಅನಿಸಬೇಕು. ಅವನ ಅಪ್ಪನೂ ತಾತನೂ ಅದನ್ನೇ ನಡೆಸಿದವರು. ಅದರಲ್ಲಿ ಅವನು ದಾಟಿಸದ ವಸ್ತುವಿಲ್ಲ. ಶಾಲೆಯ ಮಕ್ಕಳು, ರಾಗಿ ಮೂಟೆ, ಮೇಕೆ, ಮದುವಣಗಿತ್ತಿಯರು, ಒಮ್ಮೆ ಒಂದು ಹೊಲಿಗೆ ಮಿಷನ್ನು ಮತ್ತು ಅದನ್ನು ತಬ್ಬಿಕೊಂಡು ಕಣ್ಣು ಮುಚ್ಚಿ ಕೂತಿದ್ದ ದರ್ಜಿ. ಹರಿಗೋಲು ತಿರುಗಿದ ರಭಸಕ್ಕೆ ಆ ದರ್ಜಿಯ ಎಡಮೀಸೆ ಬಲಕ್ಕೂ ಬಲಮೀಸೆ ಎಡಕ್ಕೂ ಹೋಯಿತು ಎಂದು ಹೇಳುವವನು ನಾನು. ದರ್ಜಿಗೆ ಮೀಸೆಯೇ ಇರಲಿಲ್ಲ ಎಂದು ಹೇಳುವವನು ಮಂಚಯ್ಯ.

ಇನ್ನೊಂದು ವಿಷಯ ಮಾತ್ರ ನನ್ನ ಕತೆಯಲ್ಲ, ನಿಜ. ಮೂವತ್ತೊಂದು ವರ್ಷದಲ್ಲಿ ಅವನ ಹರಿಗೋಲಿನಿಂದ ಒಬ್ಬ ಮನುಷ್ಯನೂ ನೀರಿನ ಪಾಲಾಗಲಿಲ್ಲ. ಕೋಳಿ ಹಾರಿಹೋಗಿವೆ, ಚಪ್ಪಲಿ ತೇಲಿಹೋಗಿವೆ. ಮನುಷ್ಯರು ಎಷ್ಟು ಜನ ಹತ್ತಿದರೋ ಅಷ್ಟೂ ಜನ ಇಳಿದರು. ಅವನು ಇದನ್ನು ಹೇಳಿಕೊಂಡು ತಿರುಗುವವನಲ್ಲ. ಯಾರಾದರೂ ಕೇಳಿದರೆ "ಒಬ್ರೂ ಇಲ್ಲ" ಎನ್ನುತ್ತಾನೆ. ಆ ಎರಡು ಮಾತು ಆಡುವಾಗ ಮಾತ್ರ ಅವನ ಕತ್ತು ನೆಟ್ಟಗಾಗುತ್ತದೆ.

ಸೇತುವೆ ಬಂದ ಮೇಲೆ ಹರಿಗೋಲು ಹತ್ತುವವರು ಯಾರು? ಮಂಚಯ್ಯ ಅದಕ್ಕೆ ಅಳಲಿಲ್ಲ. ಅವನೇ ಮೊದಲ ವಾರ ಬಸ್ಸಿನಲ್ಲಿ ಆಚೆಗೆ ಹೋಗಿ, ಈಚೆಗೆ ಬಂದು, "ಬಾಳ ಸುಲಭ ಕಣ್ಲಾ" ಎಂದ. ನಾಲೆ ನೀರಿನ ಮುಕ್ಕಾಲು ಎಕರೆ ಗದ್ದೆಯಿತ್ತು, ಭತ್ತ ಬೆಳೆದುಕೊಂಡು ಸುಮ್ಮನಾದ. ಹರಿಗೋಲು ಅವನ ಕೊಟ್ಟಿಗೆಯಲ್ಲಿ ಬೋರಲು ಬಿದ್ದು ಕೋಳಿಗಳಿಗೆ ಮನೆಯಾಯಿತು. ಹೊಳೆಯ ಬಗ್ಗೆ ಅವನನ್ನು ಕೇಳುವವರಿರಲಿಲ್ಲ. ನನ್ನನ್ನು ಕೇಳುತ್ತಿದ್ದರು, ಏಕೆಂದರೆ ನನ್ನ ಉತ್ತರ ಹೆಚ್ಚು ಚೆನ್ನಾಗಿರುತ್ತಿತ್ತು.

ಹೀಗಿರುವಾಗ ಹೋದ ವರ್ಷ ಶಿವರಾತ್ರಿ ಕಳೆದ ಮೇಲೆ ಮಧುಶ್ರೀ ಬಂದಳು. ಹುಣಸೂರಿನ ಹುಡುಗಿ, ಕೆ.ಆರ್. ನಗರದ ಒಂದು ಶಾಲೆಯಲ್ಲಿ ಆಟದ ಟೀಚರ್. ಎಲ್ಲೋ ಕ್ಯಾಂಪಿಗೆ ಹೋಗಿ ಕಯಾಕ್ ನಡೆಸುವುದನ್ನು ಕಲಿತಿದ್ದಳು. ಕಯಾಕ್ ಎಂದರೆ ಒಬ್ಬರೋ ಇಬ್ಬರೋ ಕಾಲು ಚಾಚಿ ಕೂತು, ಎರಡು ಕಡೆಯೂ ಎಲೆಯಿರುವ ಹುಟ್ಟಿನಿಂದ ಮೀಟುವ ಉದ್ದನೆಯ ಪ್ಲಾಸ್ಟಿಕ್ ದೋಣಿ. ಅಂಥವು ಎರಡನ್ನು ಗೂಡ್ಸ್ ಆಟೋದ ಮೇಲೆ ಕಟ್ಟಿಸಿಕೊಂಡು ತಂದಾಗ ನಮ್ಮ ಸಿದ್ದಲಿಂಗಮ್ಮ ಗದ್ದೆಯಿಂದಲೇ ಕೂಗಿದಳು, "ಯಾರವ್ವ ಇಷ್ಟು ದಪ್ಪ ಬಾಳೆಕಾಯಿ ಬೆಳ್ದೋರು?"

ಮಧುಶ್ರೀಯ ಆಲೋಚನೆ ಸರಳವಾಗಿತ್ತು. ಹೊಳೆ ದಡದ ಊರಿನ ಮಕ್ಕಳಿಗೆ ಹೊಳೆಯಲ್ಲಿ ಕಾಲಿಡಲು ಜಾಗವಿಲ್ಲ. ಎಲ್ಲಿ ನೋಡಿದರೂ ಮುಳ್ಳು, ಕೆಸರು. ದೋಣಿಯಲ್ಲಿ ಕೂರಬೇಕಾದರೆ ಎಚ್.ಡಿ. ಕೋಟೆ ಕಡೆಯ ರೆಸಾರ್ಟಿಗೆ ಹೋಗಬೇಕು. "ಮನೆ ಮುಂದಿನ ಹೊಳೆ ನೋಡೋಕೆ ಮಕ್ಕಳ್ಯಾಕೆ ಟಿಕೆಟ್ ತಗೋಬೇಕು ತಾತ?" ಎಂದು ನನ್ನನ್ನು ಕೇಳಿದಳು. ಹರಿಗೋಲಾಗಲಿ ಕಯಾಕಾಗಲಿ, ಯಾರು ಬೇಕಾದರೂ ತಂದು ನೀರಿಗಿಳಿಸುವಂಥ ಒಂದು ಸಾರ್ವಜನಿಕ ಕಡವು ಕಟ್ಟಬೇಕು. ಪಂಚಾಯ್ತಿಯಿಂದ ಒಪ್ಪಿಗೆಯ ಕಾಗದ ತಂದಿದ್ದಳು. ಕೆಲಸಕ್ಕೆ ಪ್ರತಿ ಭಾನುವಾರ ಹದಿನೈದು ಜನ ಬರುವವರಿದ್ದರು: ಟೀಚರುಗಳು, ಲೈನ್‌ಮನ್ ಒಬ್ಬ, ಡೇರಿಯ ಹುಡುಗಿಯರು, ಜೊತೆಗೆ ಗಾರೆ ಕೆಲಸದ ಚಲುವರಾಜು. ಊರಿನವರು ಅವರಿಗೆ ಭಾನುವಾರದೋರು ಎಂದು ಹೆಸರಿಟ್ಟರು.

ಕಡವು ಎಲ್ಲಿ ಕಟ್ಟುವುದು? ಅದನ್ನು ಕೇಳಲು ಮಧುಶ್ರೀ ನೋಟ್‌ಬುಕ್ ಹಿಡಿದು ಮಂಚಯ್ಯನ ಜಗಲಿಗೆ ಬಂದಳು. ನಾನೂ ಅಲ್ಲೇ ಇದ್ದೆ. ಇದ್ದೆನಲ್ಲ, ಅದೇ ತಪ್ಪಾಯಿತು.

ಅವಳು ಹುಣಸೆಮರದ ಜಾಗವನ್ನು ಇಷ್ಟಪಟ್ಟಿದ್ದಳು. ರಸ್ತೆಗೆ ಹತ್ತಿರ, ನೆರಳು, ನೀರು ಅಲ್ಲಾಡದೆ ಕನ್ನಡಿಯ ಹಾಗೆ ನಿಂತಿರುತ್ತದೆ. ಹುಣಸೆಮರ ಎಂದ ಕೂಡಲೇ ನನಗೆ ನನ್ನ ಎತ್ತಿನ ಕತೆ ನೆನಪಾಯಿತು. ಅಲ್ಲಿಯ ಮಡುವಿನಲ್ಲಿ ಒಂದು ಜೋಡಿ ಎತ್ತು ಗಾಡಿಯ ಸಮೇತ ಮುಳುಗಿ, ಒಂದು ವಾರ ಬಿಟ್ಟು ಶ್ರೀರಂಗಪಟ್ಟಣದಲ್ಲಿ ಮೇಲೆದ್ದವು. ಏಳುವಾಗ ಮೆಲುಕು ಹಾಕುತ್ತಿದ್ದವು. ಗಾಡಿಯಲ್ಲಿದ್ದ ಹುಲ್ಲು ಮಾತ್ರ ನೆನೆದಿರಲಿಲ್ಲ. ನಲವತ್ತು ವರ್ಷದಿಂದ ಹೇಳುತ್ತಿರುವ ಕತೆ. ಟೀಚರಮ್ಮ ಹೊಸಬಳು, ಬಿಡುವುದುಂಟೇ? ಎತ್ತು ಇನ್ನೂ ಕನ್ನಂಬಾಡಿ ದಾಟಿರಲಿಲ್ಲ, ಅಷ್ಟರಲ್ಲಿ ಮಂಚಯ್ಯ ನಡುವೆ ಬಾಯಿ ಹಾಕಿದ.

"ಉಣಸೇಮರದ ತಾವ ಮೂರಾಳು ಕಣವ್ವ."

"ಮೂರಾಳಾ ತಾತ?"

"ಊಂ. ಗ್ಯಾರಂಟಿ ಮೂರಾಳು."

"ಸರಿ, ಬರ್ಕೊಂಡೆ. ಅದರ ಯೋಚನೆ ನಮಗಿರ್ಲಿ ಬಿಡಿ."

"ಅಂಗಾದ್ರೆ ಸರಿ" ಎಂದ ಮಂಚಯ್ಯ. ಇಬ್ಬರಿಗೂ ಸಮಾಧಾನವಾಯಿತು. ನಾನು ಎತ್ತುಗಳನ್ನು ಶ್ರೀರಂಗಪಟ್ಟಣಕ್ಕೆ ಮುಟ್ಟಿಸಿದೆ. ಟೀಚರಮ್ಮ ಬಿದ್ದುಬಿದ್ದು ನಕ್ಕಳು.

ಮಾರನೆಯ ದಿನವೇ ಮಂಚಯ್ಯ ಗಾವಡಗೆರೆ ಕಡೆ ಇರುವ ಮಗಳು ಪ್ರೇಮಮ್ಮನ ಮನೆಗೆ ಹೊರಟ. ಅಲ್ಲಿ ಹೊಗೆಸೊಪ್ಪಿನ ಸಸಿಮಡಿ ಹಾಕಿದ್ದರು. ಅಳಿಯನ ಕೈಗೆ ಪೆಟ್ಟಾಗಿತ್ತು, ಬೆಳಗ್ಗೆ ಸಂಜೆ ಮಡಿಗೆ ನೀರು ಚಿಮುಕಿಸಲು ಜನ ಬೇಕಿತ್ತು. ಹೋದವನು ಬರುವಾಗ ನಾಲ್ಕು ವಾರವಾಯಿತು. ಫೋನು ಅವನ ಬಳಿ ಇದೆ, ಆದರೆ ಅದರಲ್ಲೂ ಅವನು ಮಾತಾಡುವುದಿಲ್ಲ. ಎತ್ತಿ, ಕೇಳಿಸಿಕೊಂಡು, ಇಡುತ್ತಾನೆ.

ಅವನು ಬಂದಿಳಿದದ್ದು ಒಂದು ಭಾನುವಾರ ಬೆಳಗ್ಗೆ. ಬಸ್‌ಸ್ಟಾಪಿನಿಂದಲೇ ಅವನನ್ನು ಹೊಳೆಗೆ ಕರೆದುಕೊಂಡು ಹೋದೆ. "ನಿನ್ ಎಸರು ಬರ್ದವ್ರೆ ಬಾರ್ಲಾ, ನೋಡುವಂತೆ" ಎಂದೆ. ಹುಣಸೆಮರದ ಕೆಳಗೆ ಒಂದು ಬೋರ್ಡು ನಿಂತಿತ್ತು. ಮಂಚಯ್ಯನವರ ಕಡವು, ಸಾರ್ವಜನಿಕರಿಗೆ ಮುಕ್ತ ಎಂದು ಸೀಮೆಸುಣ್ಣದಲ್ಲಿ ಅಕ್ಷರ ಗೀಚಿದ್ದರು, ಬಣ್ಣ ತುಂಬುವುದೊಂದೇ ಬಾಕಿ. ಮಂಚಯ್ಯ ಅದರ ಮುಂದೆ ನಿಂತು ಒಂದೊಂದೇ ಅಕ್ಷರ ಓದಿದ. ಅವನ ಹೆಸರನ್ನು ಅಷ್ಟು ದಪ್ಪವಾಗಿ ಯಾರೂ ಬರೆದಿರಲಿಲ್ಲ. ಮುಖ ಅರಳಿತು. ಆಮೇಲೆ ಬೋರ್ಡಿನ ಆಚೆಗೆ ನೋಡಿದ. ದಡದಿಂದ ನೀರಿನವರೆಗೆ ಕಲ್ಲು ಹಾಸಿದ ಇಳಿಜಾರು, ಅರ್ಧಕ್ಕೂ ಹೆಚ್ಚು ಮುಗಿದಿತ್ತು. ಅರಳಿದ ಮುಖ ಹಾಗೇ ಕಪ್ಪಿಟ್ಟಿತು.

"ಇಲ್ಲಿ ಕಟ್ಟಿ ಅಂತ ಯಾರಂದದ್ದು?"

"ನೀವೇ ತಾತ" ಎಂದಳು ಮಧುಶ್ರೀ, ಕೈಯ ಸಿಮೆಂಟು ಒರೆಸಿಕೊಳ್ಳುತ್ತ. "ನೀವು ಹೇಳ್ದಂಗೇ ಮಾಡಿದ್ದೀವಿ."

"ನಾನಾ? ಮೂರಾಳು ಅಂತ ಯೋಳ್ನಿಲ್ವಾ?"

"ಹೇಳಿದ್ರಿ. ಕರೆಸಿದ್ವಲ್ಲ!" ಅವಳು ನೋಟ್‌ಬುಕ್ ತೆಗೆದು ತೋರಿಸಿದಳು. ಅವಳ ದುಂಡು ಅಕ್ಷರದಲ್ಲಿ ಬರೆದಿತ್ತು: ಹುಣಸೆಮರದ ಜಾಗ, ಆಳು ಮೂರು. "ಕಲ್ಲು ಹೊರೋಕೆ ನಮ್ಮ ಕೈಲಿ ಆಗಲ್ಲ ಅಂತ ಹೇಳ್ತಿದ್ದೀರಿ ಅಂದ್ಕೊಂಡು, ಕೊಪ್ಪದ ಕಡೆಯಿಂದ ಮೂರು ಜನ ಆಳು ಕರೆಸಿದ್ವಿ. ತುಂಬಾ ಅನುಭವ ನಿಮಗೆ ಅಂತ ಎಲ್ರೂ ಮಾತಾಡ್ಕೊಂಡ್ವಿ."

ನನಗೆ ನಗು ಬಂತು. ಮಂಚಯ್ಯ ನಗಲಿಲ್ಲ ಎಂದು ನೋಡಿ ಅದನ್ನು ನುಂಗಿದೆ. ಹೊಳೆಯವರ ಲೆಕ್ಕದಲ್ಲಿ ಆಳು ಎಂದರೆ ಆಳ ಅಳೆಯುವ ಅಳತೆ. ಎರಡೂ ಕೈ ಮೇಲೆತ್ತಿ ನಿಂತ ಒಬ್ಬ ಮನುಷ್ಯ ಮುಳುಗುವಷ್ಟು ನೀರು ಒಂದಾಳು. ನಾವು ಚಿಕ್ಕವರಿದ್ದಾಗ ಊರಿನಲ್ಲಿ ಎಲ್ಲರೂ ಹಾಗೇ ಮಾತಾಡುತ್ತಿದ್ದೆವು. ಈಗ ಆಳು ಎಂದರೆ ಕೂಲಿಗೆ ಬರುವವನು ಮಾತ್ರ. ಈ ಪದ ಯಾವಾಗ ನಮ್ಮೂರ ಬಾಯಿಂದ ಜಾರಿತು ಎಂದು ನನಗೂ ಗೊತ್ತಾಗಲಿಲ್ಲ. ಅವತ್ತು ಜಗಲಿಯಲ್ಲಿ ನನ್ನ ಕಿವಿ ಎತ್ತುಗಳ ಹಿಂದೆ ಹೋಗಿತ್ತು; ಆಮೇಲೆ ಮಂಚಯ್ಯನೇ ತೋರಿಸಿದ ಜಾಗ ಎಂದು ಊರಿನಲ್ಲಿ ಯಾರೂ ಬಾಯಿ ಬಿಡಲಿಲ್ಲ, ನಾನೂ ಬಿಡಲಿಲ್ಲ.

ಮಂಚಯ್ಯನಿಗೆ ಅದನ್ನು ಬಿಡಿಸಿ ಹೇಳಲು ಬರಲಿಲ್ಲ. "ಆಳಲ್ಲ ಕಣವ್ವ, ಆಳು... ನೀರು, ನೀರು" ಎಂದು ತೊದಲಿದ. ಕೊನೆಗೆ, "ಇದು ಮಡು. ಎಲ್ಡೆಜ್ಜೆ ಮೊಣಕಾಲು. ಮೂರ್ನೇ ಎಜ್ಜೆಗೆ ಮೂರ್ ಮನುಸ್ರು ಮುಳುಗ್ತಾರೆ" ಎಂದ.

ಚಲುವರಾಜು ಕರಣೆ ಕೆಳಗಿಟ್ಟು, ನನ್ನ ಕಡೆ ಕೈ ತೋರಿಸಿ ನಕ್ಕ. "ಇದು ಸಿದ್ದಯ್ಯತಾತನ ಎತ್ತಿನ ಕತೆ ಅಲ್ವಾ? ಶ್ರೀರಂಗಪಟ್ಣಕ್ಕೆ ಓಗಿದ್ವಲ್ಲ, ಉಲ್ಲು ನೆನೀದೆ!"

ಭಾನುವಾರದೋರೆಲ್ಲ ನಕ್ಕರು. ಮಂಚಯ್ಯ ನನ್ನ ಕಡೆ ತಿರುಗಿ ನೋಡಿದ. ಐವತ್ತು ವರ್ಷದ ಗೆಳೆತನದಲ್ಲಿ ಅವನು ಹಾಗೆ ನೋಡಿದ್ದಿಲ್ಲ. ಆ ಮಡುವನ್ನು ಊರಿಗೆಲ್ಲ ನಗೆಪಾಟಲು ಮಾಡಿದವನು ನಾನು. ಅದರ ಆಳಕ್ಕೆ ಹೆದರಬೇಕಾದ ಮಕ್ಕಳು ಅದರ ಹೆಸರೆತ್ತಿದರೆ ನಗುವ ಹಾಗೆ ಮಾಡಿದ್ದೆ.

"ಎತ್ತಿನ ಕತೆ ಸುಳ್ಳು ಕಣ್ರಪ್ಪ" ಎಂದೆ. "ಅಲ್ಲಿ ಯಾವ ಎತ್ತೂ ಮುಳುಗ್ಲಿಲ್ಲ. ಮಡು ಮಾತ್ರ ನಿಜ."

"ನೋಡ್ರೋ, ಇನ್ನೊಂದು ಸುರು ಮಾಡ್ತಾವ್ರೆ ತಾತ!" ಎಂದು ಯಾರೋ ಕೂಗಿದರು. ನಿಜ ಹೇಳಲು ಹೊರಟರೆ ಬಾಯಿ ಎಷ್ಟು ಬಡವಾಗಿರುತ್ತದೆ ಎಂದು ಅವತ್ತು ಗೊತ್ತಾಯಿತು.

ಮಂಚಯ್ಯ ಮರಕ್ಕೆ ಕಟ್ಟಿದ್ದ ಹಗ್ಗ ಬಿಚ್ಚಿಕೊಂಡ. ತುದಿಗೆ ಒಂದು ಕಲ್ಲು ಬಿಗಿದ. ಇನ್ನೊಂದು ತುದಿಯನ್ನು ಚಲುವರಾಜುವಿನ ಕೈಗೆ ಕೊಟ್ಟು, ಕೆಳಗಿನ ಕಲ್ಲಿನ ಮೇಲೆ ನಿಂತು, ಹೆಚ್ಚು ದೂರವಲ್ಲ, ಎರಡು ಮಾರು ಆಚೆಗೆ ಎಸೆದ. ಹಗ್ಗ ಸರಸರನೆ ಇಳಿಯಿತು, ಇನ್ನೂ ಇಳಿಯಿತು. ನಗುತ್ತಿದ್ದವರು ಒಬ್ಬೊಬ್ಬರೇ ಹತ್ತಿರ ಬಂದರು. ಅದು ನಿಂತಾಗ ನೀರಿನ ಅಂಚಿಗೆ ಸರಿಯಾಗಿ ಗಂಟು ಹಾಕಿ ಮೇಲೆಳೆದ. ಒದ್ದೆ ಹಗ್ಗವನ್ನು ದಡದ ಮೇಲೆ ನೇರವಾಗಿ ಹಾಸಿದ.

"ಮನಿಕೋ" ಎಂದ ಚಲುವರಾಜುವಿಗೆ.

"ಏನು?"

"ಅಗ್ಗದ ಪಕ್ಕ ಮನಿಕೋ. ಕೈ ಮ್ಯಾಲಕ್ಕೆ ಚಾಚು."

ಚಲುವರಾಜು ಆರಡಿ ಆಳು. ಕೈ ಚಾಚಿ ಅಂಗಾತ ಮಲಗಿದ. ಬೆರಳ ತುದಿಗೆ ಮಂಚಯ್ಯ ಒಂದು ಗೆರೆ ಎಳೆದ. ಎಬ್ಬಿಸಿ, ಗೆರೆಯ ಮುಂದೆ ಮತ್ತೆ ಮಲಗಿಸಿದ. ಮತ್ತೆ ಎಬ್ಬಿಸಿ ಮತ್ತೆ ಮಲಗಿಸಿದ. ಮೂರು ಚಲುವರಾಜು ಆದ ಮೇಲೂ ಹಗ್ಗ ಒಂದು ಮೊಳ ಉಳಿದಿತ್ತು. ನೋಡಲು ತಮಾಷೆಯಾಗಿತ್ತು, ನಿಜ. ಆದರೆ ಮೂರನೆಯ ಸಲ ಎದ್ದು ಬೆನ್ನಿನ ಮಣ್ಣು ಕೊಡವಿಕೊಂಡ ಚಲುವರಾಜು ನೀರನ್ನು ನೋಡಿದ ರೀತಿ ತಮಾಷೆಯದಾಗಿರಲಿಲ್ಲ. ಹಿಂದಿನ ವಾರ ಅವನು ಅದೇ ಕೆಳಗಿನ ಕಲ್ಲಿನ ಮೇಲೆ ನಿಂತು ಮುಖ ತೊಳೆದಿದ್ದ.

ಆದರೂ ನಾಲ್ಕು ಭಾನುವಾರದ ಬೆವರು ಸುಮ್ಮನೆ ಬಿಡುತ್ತದೆಯೇ? "ಕಂಬಿ ಹಾಕ್ಸೋಣ. ಅಪಾಯ ಅಂತ ಬೋರ್ಡು ಬರ್ಸೋಣ" ಎಂದ ಚಲುವರಾಜು. "ನನ್ ಅಂಗೈ ನೋಡಿ ತಾತ, ಬೊಬ್ಬೆ ಎದ್ದೈತೆ. ಇದನ್ನ ಕೀಳೋದು ಎಂಗೆ?"

ಮಂಚಯ್ಯ ಬೋರ್ಡಿನ ಹತ್ತಿರ ಹೋಗಿ, ಹೆಗಲ ಟವಲ್ಲು ತೆಗೆದು, ತನ್ನ ಹೆಸರನ್ನು ಒರೆಸಿದ. ಮಂ ಹೋಯಿತು, ಚ ಹೋಯಿತು. "ಯಾವುದಾರ ಮಗು ಮುಳುಗುದ್ರೆ, ಮಂಚಯ್ಯನ ಕಡವ್ನಾಗೆ ಓಯ್ತು ಅಂತಾರೆ" ಎಂದ. ಅವನ ಬಾಯಲ್ಲಿ ಅಷ್ಟು ಉದ್ದದ ಮಾತು ಬಂದದ್ದೇ ಅಪರೂಪ. "ಒಬ್ರೂ ಓಗಿಲ್ಲ ನನ್ ಕೈಲಿ. ಈಗ ಯಾಕವ್ವ?"

ಮಧುಶ್ರೀ ನೋಟ್‌ಬುಕ್ಕಿನ ಆ ಪುಟವನ್ನೇ ನೋಡುತ್ತ ನಿಂತಿದ್ದಳು. ಅವಳ ಶಾಲೆಯ ಮಕ್ಕಳೇ ಮೊದಲು ಇಲ್ಲಿ ಇಳಿಯುವವರಿದ್ದರು. "ಮತ್ತೆ ಎಲ್ಲಿ ತಾತ?" ಎಂದಳು ಮೆಲ್ಲಗೆ. ಚಲುವರಾಜು ಏನೋ ಹೇಳಲು ಬಾಯಿ ತೆರೆದ. ಅವಳು ಕೈಯೆತ್ತಿ ಸುಮ್ಮನಿರಿಸಿದಳು.

ಮಂಚಯ್ಯ ಮೇಲ್ದಂಡೆಗೆ ನಡೆದ, ಎಲ್ಲರೂ ಹಿಂದೆ ನಡೆದೆವು. ಇನ್ನೂರು ಹೆಜ್ಜೆಯಾಚೆ ಲಂಟಾನ ಪೊದೆ ಮುಚ್ಚಿದ ಅವನ ಹಳೆಯ ಕಡವು. ಅಲ್ಲಿ ಅಗಲವಾದ ಬಂಡೆಯೊಂದು ನಿಧಾನಕ್ಕೆ ನೀರಿನೊಳಗೆ ಜಾರಿಹೋಗುತ್ತದೆ. ಮೂವತ್ತು ಹೆಜ್ಜೆ ನಡೆದರೂ ಸೊಂಟಕ್ಕಿಂತ ಮೇಲೆ ನೀರಿಲ್ಲ. ಮಂಚಯ್ಯ ಪಂಚೆ ಎತ್ತಿಕಟ್ಟಿ ಅಷ್ಟೂ ನಡೆದು ತೋರಿಸಿದ. ತೊಂದರೆ ಒಂದೇ, ಅಲ್ಲಿಗೆ ದಾರಿಯಿಲ್ಲ. ಸಿದ್ದಲಿಂಗಮ್ಮನ ಗದ್ದೆಯ ಬದುವಿನ ಮೇಲೆ ಹೋಗಬೇಕು.

ಸಿದ್ದಲಿಂಗಮ್ಮ ಕುಡುಗೋಲು ಹಿಡಿದೇ ಬಂದಳು. "ಏನು, ಎಲ್ಲಾ ಮೆರವಣಿಗೆ ಒಂಟವ್ರೆ?" ಮಧುಶ್ರೀ ವಿಷಯ ಹೇಳಿದಳು. ಸಿದ್ದಲಿಂಗಮ್ಮ ಮಂಚಯ್ಯನ ಕಡೆ ನೋಡಿದಳು. "ಇವ್ನು ಯೋಳ್ದ್ನಾ? ಯೋಳ್ದ್ರೆ ಆಯ್ತು. ನನ್ ಎರಿಗೇಗೆ ಆಸ್ಪತ್ರೆಗೆ ದಾಟ್ಸಿದ್ದು ಇವ್ನೇ. ಬದ ಅಗಲ ಮಾಡ್ಕಳಿ. ಆದ್ರೆ ಆ ಬಂಡೆ ಮ್ಯಾಲೆ ನಾನು ಬಟ್ಟೆ ಒಗೀತೀನಿ, ಬಾಳೆಕಾಯಿ ಬತ್ತು ಜಾಗ ಬುಡು ಅಂದ್ರೆ ಬುಡಾಕಿಲ್ಲ."

"ನೀವೇ ಮೊದಲು ಆಂಟಿ" ಎಂದಳು ಮಧುಶ್ರೀ.

"ಆಂಟಿ ಯಾರ್ಲೇ? ಅತ್ತೆ ಅನ್ನು."

ಹುಣಸೆಮರದ ಕಲ್ಲುಗಳನ್ನೆಲ್ಲ ಕಿತ್ತರು. ಕಟ್ಟುವುದಕ್ಕಿಂತ ಕೀಳುವುದು ಕಷ್ಟ. ಚಲುವರಾಜು ಗಾರೆ ಅಷ್ಟು ಗಟ್ಟಿ ಹಾಕಿದ್ದ. ಒಂದೊಂದು ಕಲ್ಲು ಎದ್ದಾಗಲೂ ತನ್ನ ಕೆಲಸವನ್ನು ತಾನೇ ಬೈದುಕೊಳ್ಳುತ್ತಿದ್ದ. ಆ ಮೂವರು ಆಳು ಸಾಲದೆ, ಊರಿನಿಂದಲೇ ಇನ್ನೂ ಹನ್ನೆರಡು ಜನ ಬಂದರು, ನಗಲು ಬಂದವರೇ ಕಲ್ಲು ಹೊತ್ತು ಹಳೆಯ ಕಡವಿನಲ್ಲಿ ಹಾಸಿದರು. ಪಂಚಾಯ್ತಿಯ ಕಾಗದದಲ್ಲಿ ನದಿಯ ದಡದಲ್ಲಿ ಎಂದಷ್ಟೇ ಇದ್ದದ್ದರಿಂದ ಅಲ್ಲೇನೂ ತಕರಾರು ಬರಲಿಲ್ಲ. ಮಡುವಿನ ಸುತ್ತ ಮುಳ್ಳುತಂತಿ ಎಳೆದರು. ಹೊಸ ಬೋರ್ಡಿನಲ್ಲಿ ಸಾರ್ವಜನಿಕ ದೋಣಿ ಕಡವು ಎಂದು ಮಾತ್ರ ಬರೆಸಿದಳು ಮಧುಶ್ರೀ. ಹೆಸರು ಹಾಕಲೇ ಎಂದು ಕೇಳಿದ್ದಕ್ಕೆ ಮಂಚಯ್ಯ "ಮೊದ್ಲು ನಡೀಲಿ" ಎಂದಿದ್ದ. ಅವಳು ಮೇಲೆ ಒಂದು ಸಾಲಿನಷ್ಟು ಜಾಗ ಖಾಲಿ ಬಿಡಿಸಿದಳು.

ನಾನು ಎತ್ತಿನ ಕತೆ ನಿಲ್ಲಿಸಿದ್ದೇನೆ. ಮೊಮ್ಮಕ್ಕಳು ಬಹಳ ಪೀಡಿಸಿದರೆ ಎತ್ತನ್ನು ಬೇರೆ ಹೊಳೆಗೆ ಬೀಳಿಸುತ್ತೇನೆ.

ಕಡವು ತೆರೆಯುವ ದಿನ ಜುಲೈ ತಿಂಗಳ ಮೊದಲ ಭಾನುವಾರಕ್ಕೆ ಗೊತ್ತಾಯಿತು. ಶಾಮಿಯಾನ, ಮೈಕು, ಪಂಚಾಯ್ತಿ ಮೆಂಬರುಗಳು, ಮೂವತ್ತು ಮಕ್ಕಳು, ಅವರ ಅಪ್ಪಅಮ್ಮಂದಿರು. ಮಕ್ಕಳು ಕಿತ್ತಳೆ ಬಣ್ಣದ ಜಾಕೆಟ್ಟು ತೊಟ್ಟು ಸಾಲಾಗಿ ನಿಂತಿದ್ದರು. ಚಾಮುಂಡಮ್ಮ ಮತ್ತು ಸಿದ್ದಲಿಂಗಮ್ಮ ಬೆಳಗಿನಿಂದ ಉಪ್ಪಿಟ್ಟು ಕೆದಕುತ್ತಿದ್ದರು. ನಮ್ಮಲ್ಲಿ ಬಿಸಿಲು ಚೆನ್ನಾಗಿಯೇ ಇತ್ತು.

ಮಂಚಯ್ಯ ಒಬ್ಬನೇ ಕೆಳಗಿಳಿದು ನೀರಿನಲ್ಲಿ ನಿಂತ. ನೀರು ಕೆಂಪಗಿತ್ತು. ಹಿಂದಿನ ದಿನ ಒಣಗಿದ್ದ ನಾಲ್ಕು ಸಾಲು ಕಲ್ಲು ಮುಳುಗಿದ್ದವು. ನಡುಹೊಳೆಯಲ್ಲಿ ಹಸಿ ಎಲೆಯಿರುವ ಬಿದಿರು ಮುರಿದು ಬರುತ್ತಿತ್ತು. ಕೊಡಗಿನಲ್ಲಿ ಮಳೆ ಹಿಡಿದಿದೆ ಎಂದು ನನಗೂ ತಿಳಿಯಿತು, ಆದರೆ ಎಷ್ಟು ಎಂದು ತಿಳಿಯಲು ಅವನ ಕಾಲು ಬೇಕು. ಒಂದು ಬೀಡಿ ಸೇದುವಷ್ಟು ಹೊತ್ತು ನಿಂತಿದ್ದು ಮೇಲೆ ಬಂದ.

"ಇವತ್ತು ಬ್ಯಾಡ ಕಣವ್ವ."

ಮೆಂಬರ್ ಒಬ್ಬರು ಶಾಲು ಹೊದಿಸಿಕೊಂಡು ತಯಾರಾಗಿದ್ದರು. "ಏನಯ್ಯ ಮಂಚಯ್ಯ, ಇಷ್ಟು ಜನ ಬಂದವ್ರೆ. ಒಂದು ಫೋಟೊಗಾದ್ರೂ ಎರಡು ಮಕ್ಕಳನ್ನ ಕೂರಿಸೋದು ಬ್ಯಾಡ್ವಾ?"

"ಪೋಟೊಗೂ ಬ್ಯಾಡ."

ಒಂದು ಕ್ಷಣ ಎಲ್ಲರೂ ಮಧುಶ್ರೀಯನ್ನು ನೋಡಿದರು. ಐದು ತಿಂಗಳು ಅವಳು ಕಾದದ್ದು ಈ ದಿನಕ್ಕೆ. ಅವಳು ಹೊಳೆಯನ್ನು ನೋಡಿದಳು, ಅವಳ ಕಣ್ಣಿಗೆ ಅದು ಶಾಂತವಾಗಿಯೇ ಕಂಡಿರಬೇಕು. ಆಮೇಲೆ ಮೊದಲು ತನ್ನ ಜಾಕೆಟ್ಟಿನ ಬಕಲ್ಲು ಬಿಚ್ಚಿದಳು. ಕಯಾಕುಗಳನ್ನು ಎಳೆದು ಹುಲ್ಲಿನ ಮೇಲೆ ಬೋರಲು ಹಾಕಿದಳು. ಚಲುವರಾಜು ಇನ್ನೊಂದು ತುದಿ ಹಿಡಿದ. "ಬಿಚ್ರಪ್ಪಾ ಎಲ್ಲಾರೂ. ಮುಂದಿನ ಸಲ" ಎಂದಳು. ಕೆಲವು ಮಕ್ಕಳು ಅತ್ತವು. ಮೆಂಬರು ಬೋರಲು ಬಿದ್ದ ಕಯಾಕಿನ ಪಕ್ಕ ನಿಂತೇ ಫೋಟೊ ತೆಗೆಸಿಕೊಂಡರು. ಎಲ್ಲರೂ ಉಪ್ಪಿಟ್ಟು ತಿಂದು ಮನೆಗೆ ಹೋದರು. ಮಧ್ಯಾಹ್ನದ ಹೊತ್ತಿಗೆ ಸಿದ್ದಲಿಂಗಮ್ಮನ ಬದುವಿನ ಅಂಚಿಗೆ ನೀರು ಬಂದಿತ್ತು.

ಅದು ಇಳಿಯಲು ಮೂರು ವಾರ ಹಿಡಿಯಿತು. ಎರಡನೆಯ ಸಲ ಶಾಮಿಯಾನ ಇರಲಿಲ್ಲ, ಮೈಕು ಇರಲಿಲ್ಲ, ಮಕ್ಕಳು ಮಾತ್ರ ಬಂದಿದ್ದರು. ಬಂದವರು ದೋಣಿಗೆ ಕೈ ಹಾಕಲಿಲ್ಲ, ನೀರಿನ ಕಡೆಗೂ ಹೋಗಲಿಲ್ಲ. ಕಲ್ಲಿನ ಮೇಲೆ ಸಾಲಾಗಿ ಕೂತು ಮಂಚಯ್ಯನ ಮುಖ ನೋಡುತ್ತಿದ್ದರು. ಅವನು ಪಂಚೆ ಎತ್ತಿಕೊಂಡು ಇಳಿದ, ನಿಂತ, ಹೊಳೆಯ ಉದ್ದಕ್ಕೂ ಕಣ್ಣಾಡಿಸಿದ. ಅವಸರವೇ ಇಲ್ಲ ಆ ಮನುಷ್ಯನಿಗೆ.

"ಇಬ್ಬಿಬ್ರೇ ಓಗಿ" ಎಂದ.

ಇಬ್ಬಿಬ್ಬರೇ ಹೋದರು.